ಆಡು ತುಳು ಮಾತಾಡಿದ ಪುಸ್ತಕ ಕೂಟ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ. ಮಕ್ಕಳಿಗೆ ಓದು ಹತ್ತಿಸಲಿ ಎಂದು ಒಂದು ಸಂಸ್ಥೆಯವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ನಾನು ಒಂದು ಇಡೀ ಮಳೆಗಾಲ ಅವರಿಗೆ ನನ್ನನ್ನೇ ಕಲಿಸಿದೆ. ನನ್ನ ಕೆಮ್ಮು, ನಾನು ಉಸಿರೆಳೆಯುವ ಜಾಗ, ಜಾರುವ ಕನ್ನಡಕವನ್ನು ಮೇಲಕ್ಕೆ ತಳ್ಳುವ ಬೆರಳು, ಎಲ್ಲ ಅವರಿಗೆ ಬಾಯಿಪಾಠವಾಯಿತು. ಓದು ಮಾತ್ರ ಬರಲಿಲ್ಲ. ಅದು ನನ್ನ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಒಂದು ಕೋಣೆ ತುಂಬ ಮಕ್ಕಳು ನನ್ನ ಹಾಗೆಯೇ ಮಾತಾಡುವಾಗ ನನಗೆ ಹಬ್ಬದ ಊಟ ಉಂಡಷ್ಟು ಸಂತೋಷವಾಗುತ್ತಿತ್ತು.

ಚಿಕ್ಕಂದಿನಿಂದ ನನಗಿರುವ ರೋಗ ಇದು. ಯಾರನ್ನು ಕಂಡರೂ ಅವರ ದನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ನೌಪಾಡಾದ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ನೀರಿನ ಬಗ್ಗೆ ಭಾಷಣ ಮಾಡುವ ಬಗೆ, ಠಾಣೆ ಸ್ಟೇಶನ್ನಿನಲ್ಲಿ ಗಾಡಿ ತಡವಾಗಿದೆ ಎಂದು ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ಹೆಂಗಸಿನ ದನಿ, ಹೊಟೇಲಿನಲ್ಲಿ ‘ಎರಡು ಸಾದಾ, ಒಂದು ಮಸಾಲೆ’ ಎಂದು ಒಳಗೆ ಕೂಗುವ ಸಪ್ಲಾಯರನ ರಾಗ. ಕೆಲಸಕ್ಕೆ ಸಂದರ್ಶನ ಮಾಡಿದವರ ಎದುರು ಅವರದೇ ದನಿ ತೆಗೆದು ಕೆಲಸ ಗಿಟ್ಟಿಸಿದವನು ನಾನು. ಅದನ್ನು ಅರ್ಹತೆ ಎಂದು ಅವರು ಹೇಗೆ ತಿಳಿದರೋ ಗೊತ್ತಿಲ್ಲ.

ಕೆಲಸ ಇಷ್ಟೇ. ಕಾಮೋಠೆಯ ಒಂದು ಕನ್ನಡ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಯವರಿಗೆ ಬುಧವಾರ, ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕ ಕೂಟ ನಡೆಸುವುದು. ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯಿಂದ ಬಂದವರ ಮನೆಯವರು. ಕೆಲವರು ಹೊಟೇಲಿನವರ ಮಕ್ಕಳು. ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಅವರವರ ಕನ್ನಡ ಇಲ್ಲವೇ ತುಳು. ಪುಸ್ತಕದ ಕನ್ನಡವನ್ನು ಮಾತ್ರ ಇವರ ಸುತ್ತ ಯಾರೂ ಮಾತಾಡುವುದಿಲ್ಲ.

ನನ್ನ ಬಳಿ ಒಂದು ಪುಸ್ತಕವಿತ್ತು. ರೈಲ್ವೆ ಪ್ಲಾಟ್‌ಫಾರ್ಮಿಗೆ ಹತ್ತಿ ಬಂದು ಇಳಿಯಲೊಲ್ಲೆನೆನ್ನುವ ಒಂದು ಆಡಿನ ಕತೆ. ಒಂದೇ ಪ್ರತಿ, ಅದೂ ನನ್ನ ಕೈಯಲ್ಲಿ. ನಾನು ನಿಂತುಕೊಂಡು ಓದುತ್ತಿದ್ದೆ. ಆಡಿಗೆ ಮೂಗಿನ ದನಿ, ಟಿಕೆಟ್ ಕಲೆಕ್ಟರನಿಗೆ ನಮ್ಮ ಸೆಕ್ರೆಟರಿಯ ದನಿ, ಚಹಾದವನಿಗೆ ಸಪ್ಲಾಯರನ ರಾಗ. ಮಕ್ಕಳು ಬೆಂಚಿನಿಂದ ಬೀಳುವಷ್ಟು ನಗುತ್ತಿದ್ದರು. ಎರಡನೆಯ ವಾರಕ್ಕೆ ಕೂಟದಲ್ಲಿ ಇಲ್ಲದವರೂ ಕಿಟಕಿಗೆ ಬಂದು ನಿಂತರು. ಆಮೇಲೆ ಪುಸ್ತಕವನ್ನು ಒಬ್ಬೊಬ್ಬರ ಕೈಗೆ ಕೊಟ್ಟು ‘ನೀನು ಓದು’ ಎನ್ನುತ್ತಿದ್ದೆ. ಪುಟದ ಮೇಲೆ ಕಣ್ಣಿಟ್ಟು ಗಡಗಡ ಓದುತ್ತಿದ್ದರು, ದನಿಗಳ ಸಮೇತ. ಇಷ್ಟು ಬೇಗ ಓದು ಹತ್ತಿತಲ್ಲ ಎಂದು ನನ್ನ ಸಂಸ್ಥೆಯವರಿಗೆ ನಾನು ಬರೆದು ಕಳಿಸಿದ ವರದಿಗಳನ್ನು ದಯವಿಟ್ಟು ಯಾರೂ ಹುಡುಕಿ ತೆಗೆಯಬಾರದು.

ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಅವಳಿಗೆ ನಾನು ‘ಆಡಿನ ಹುಡುಗಿ’ ಎಂದೇ ಹೆಸರಿಟ್ಟಿದ್ದೆ. ಅವಳಪ್ಪ ಕಲಬುರಗಿ ಕಡೆಯವರು, ತುರ್ಭೆಯ ಮಾರ್ಕೆಟ್ಟಿನಲ್ಲಿ ಹಮಾಲಿ. ಅವಳು ಎರಡು ಮೂರು ಶಾಲೆ ಬದಲಿಸಿ ಬಂದವಳು. ಒಂದು ಸಂಜೆ ಅವಳಪ್ಪ ಗೇಟಿನ ಹತ್ತಿರ ನನಗಾಗಿ ಕಾಯುತ್ತ ನಿಂತಿದ್ದರು.

“ಸರ್ರೀ, ನಮ್ ಪೋರಿ ದಿನಾ ಉಂಡ ಮ್ಯಾಲ ಆಡಿನ ಕತಿ ಓದ್ತಾಳ್ರೀ. ಬಾಜೂ ಖೋಲಿ ಮಂದಿ ಬಂದು ಕುಂದುರ್ತಾರ.”

“ಪುಸ್ತಕ ನನ್ನ ಹತ್ತಿರ ಇದೆಯಲ್ಲ ಕಾಕಾ, ಅವಳು ಹೇಗೆ ಓದುತ್ತಾಳೆ?” ಎಂದು ಒಬ್ಬ ಬುದ್ಧಿವಂತ ಕೇಳುತ್ತಿದ್ದ. ನಾನು ಕೇಳಲಿಲ್ಲ. ಹಲ್ಲು ಬಿಟ್ಟು ನಿಂತಿದ್ದೆ.

“ಏಳನೇತ್ತ ಬಂದ್ರೂ ಓದು ಹತ್ತಲಿಲ್ಲಂತ ಊರಿಗಿ ಕಳಸ್ಬೇಕಂತ ಮಾಡಿದ್ದೆ. ಅಲ್ಲಿ ನಮ್ಮಣ್ಣನ ಮನಿ ಅದ, ಸರಕಾರಿ ಸಾಲಿ ಅದ, ಎಲ್ಲಾರೂ ಕನ್ನಡನೇ ಮಾತಾಡ್ತಾರ. ಇನ್ನ ಬ್ಯಾಡ ತಗೋರಿ. ಇಲ್ಲೇ ಇರ್ಲಿ, ಅವರವ್ವನ ಕಣ್ಣ ಮುಂದ.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಕೈಯ ಒರಟು ನನಗೆ ಇನ್ನೂ ನೆನಪಿದೆ. ಅಂದು ಠಾಣೆಗೆ ಹೋಗುವ ಲೋಕಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅದೂ ನನ್ನ ಪುಣ್ಯದ ಫಲವೆಂದೇ ತಿಳಿದೆ.

ಗಣಪತಿ ಹಬ್ಬದ ರಜೆ ಮುಗಿದ ಮೊದಲ ಶನಿವಾರ ಹೆಡ್ ಟೀಚರ್ ಕೂಟಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅವರು ಉಡುಪಿ ಕಡೆಯವರು, ಡೊಂಬಿವಲಿಯಿಂದ ದಿನಾ ಬರುವವರು. ಅವರ ದನಿಯನ್ನೂ ನಾನು ತೆಗೆಯುತ್ತೇನೆ, ಅವರಿಲ್ಲದಾಗ. ನಾನು ಹೆಮ್ಮೆಯಿಂದ ಆಡಿನ ಹುಡುಗಿಯನ್ನೇ ಎಬ್ಬಿಸಿದೆ. ಅವಳು ಪುಸ್ತಕ ಬಿಡಿಸಿ ಶುರು ಮಾಡಿದಳು. ಟಿಕೆಟ್ ಕಲೆಕ್ಟರ್ ಬಂದ, ಗದರಿದ, ಆಡು ತಲೆ ಎತ್ತಿತು. ಹುಡುಗಿ ಕನ್ನಡಕವಿಲ್ಲದ ತನ್ನ ಮೂಗಿನ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳಿದಳು. ಆಮೇಲೆ ಆಡಿನ ಮೂಗಿನ ದನಿಯಲ್ಲಿ ಸ್ಪಷ್ಟವಾಗಿ ಓದಿದಳು:

“ಆಗ ಆಡು ಹೇಳಿತು, ಅಮ್ಮಾ, ಕ್ಲಾಸ್‌ಡ್ ಉಲ್ಲೆ, ಬೊಕ್ಕ ಪಾತೆರುವೆ.”

ಆ ಮಾತು ಪುಸ್ತಕದಲ್ಲಿರಲಿಲ್ಲ. ಆ ಪುಟವನ್ನು ನಾನು ಮೊದಲ ಸಲ ಓದುತ್ತಿದ್ದಾಗ ಮನೆಯಿಂದ ಅಮ್ಮ ಫೋನ್ ಮಾಡಿದ್ದರು. ಮಕ್ಕಳು ನಗಲಿ ಎಂದು ಆಡಿನ ದನಿಯಲ್ಲೇ ತುಳುವಿನಲ್ಲಿ ‘ಕ್ಲಾಸಿನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ’ ಎಂದು ಹೇಳಿ ಫೋನ್ ಇಟ್ಟು ಮುಂದೆ ಓದಿದ್ದೆ. ಕಲಬುರಗಿಯ ಹುಡುಗಿಗೆ ತುಳು ಎಲ್ಲಿಂದ ಗೊತ್ತಿರಬೇಕು. ಆಡು ಹಾಗೆಯೇ ಮಾತಾಡುತ್ತದೆ ಎಂದು ನಂಬಿ ಅದನ್ನೂ ಕಲಿತಿದ್ದಳು. ಖೋಲಿಯ ಮಂದಿಗೂ ಅದನ್ನೇ ಉಣಬಡಿಸಿರಬೇಕು.

ಹೆಡ್ ಟೀಚರ್ ನಗಲಿಲ್ಲ. ಎದ್ದು ಬಂದು ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡು, ಕೆಲವು ಹಾಳೆ ಮುಂದಕ್ಕೆ ತಿರುವಿ, ಮತ್ತೆ ಅವಳ ಕೈಗಿಟ್ಟರು. “ಇಲ್ಲಿಂದ ಓದು ಮಗಾ.” ಹುಡುಗಿ ಹೊಸ ಪುಟದ ಮೇಲೆ ಕಣ್ಣಿಟ್ಟು ಹಳೆಯ ಪುಟವನ್ನೇ ಮುಂದುವರಿಸಿದಳು. ಹೆಡ್ ಟೀಚರ್ ಅವಳ ತಲೆ ಸವರಿ, “ಸಾಕು, ಚಂದ ಆಯ್ತು,” ಎಂದು ಕೂರಿಸಿದರು. ನನ್ನನ್ನು ಕಾರಿಡಾರಿಗೆ ಕರೆದರು.

“ಅಲ್ಲ ಮಾರಾಯಾ, ಆಡು ತುಳು ಕಲ್ತದ್ದು ಯಾವಾಗ?”

ಹೇಳಿದೆ. ಹೇಳುವಾಗ ಯಾರ ದನಿಯೂ ನೆರವಿಗೆ ಬರಲಿಲ್ಲ.

ಕೂಟದಲ್ಲಿ ಖಾರಘರದಿಂದ ಬರುವ ಒಬ್ಬ ಹುಡುಗನಿದ್ದ, ಹೊಟೇಲಿನವರ ಮಗ, ಮನೆಯಲ್ಲಿ ತುಳು, ನಮ್ಮೊಡನೆ ಹಿಂದಿ. ‘ನಿನಗಾದರೂ ಗೊತ್ತಾಗಲಿಲ್ಲವೇನೋ’ ಎಂದು ಅವನನ್ನು ಕೇಳಿದೆ. “ಗೊತ್ತಿತ್ತು ಸರ್. ಮುಝೆ ಲಗಾ ಆಪ್ ಮಸ್ತಿ ಕರ್ ರಹೇ ಹೋ,” ಎಂದ. ನಾನು ಯಾವಾಗಲೂ ಮಸ್ತಿಯನ್ನೇ ಮಾಡುತ್ತಿರುತ್ತೇನೆ ಎಂದು ಮಕ್ಕಳಿಗೂ ತಿಳಿದಿತ್ತು.

ಮುಂದಿನ ಬುಧವಾರ ಕಾರಿಡಾರಿನ ತುದಿಯಲ್ಲಿ ಎರಡು ಕುರ್ಚಿ ಹಾಕಿ ಒಬ್ಬೊಬ್ಬರನ್ನೇ ಕೂರಿಸಿಕೊಂಡೆವು. ಯಾರೂ ಕೇಳಿರದ ಬೇರೆ ಕತೆಯ ಒಂದು ಪುಟ. ಮೂವರು ಸರಾಗವಾಗಿ ಓದಿ, ಓದಿದ್ದು ಏನೆಂದೂ ಹೇಳಿದರು. ಕೆಲವರು ಅಕ್ಷರವನ್ನೆಲ್ಲ ಉಚ್ಚರಿಸಿದರು, ಏನಾಯಿತು ಎಂದರೆ ಗೋಡೆ ನೋಡಿದರು. ಉಳಿದವರು ಚಿತ್ರ ನೋಡಿ ತಾವೇ ಒಂದು ಕತೆ ಕಟ್ಟಿದರು. ಒಬ್ಬ ಕಟ್ಟಿದ್ದು ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು. ಆಡಿನ ಹುಡುಗಿ ಮೊದಲ ಸಾಲಿನ ಮೊದಲ ಒತ್ತಕ್ಷರಕ್ಕೆ ಬಂದು ನಿಂತಳು. ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ. ಅಳಲೂ ಇಲ್ಲ. ನಾನು ಏನಾದರೂ ದನಿ ತೆಗೆದು ತೋರಿಸುತ್ತೇನೇನೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದಳು.

ಹೆಡ್ ಟೀಚರ್ ಅಂದು ರೈಲಿನಲ್ಲಿ ನನ್ನೆದುರು ಕುಳಿತು ತಮ್ಮ ಡಬ್ಬಿಯ ಚಕ್ಕುಲಿ ಕೊಟ್ಟರು. ಬೈಯುವ ಮೊದಲು ತಿನ್ನಲು ಕೊಡುವುದು ಅವರ ಪದ್ಧತಿ.

“ಅವಳ ಅಪ್ಪನಿಗೆ ಹೇಳಬೇಕು. ನೀನೇ ಹೇಳು. ನಾನು ಬರುವುದಿಲ್ಲ, ಆಯ್ತಾ.”

“ಹೇಳಿದರೆ ಊರಿಗೆ ಕಳಿಸುತ್ತಾರೆ ಟೀಚರ್.”

“ಹೇಳದೆ ಇದ್ರೆ ಅವರು ನಂಬಿಕೊಂಡೇ ಇರ್ತಾರೆ. ಯಾವುದು ಪಾಪ ಅಂತ ನೀನೇ ಯೋಚನೆ ಮಾಡು. ಇನ್ನೊಂದು ಚಕ್ಕುಲಿ ತಕೋ.”

ಅವರ ಖೋಲಿಗೆ ಹೋದೆ. ಹುಡುಗಿಯ ಅವ್ವ ಚಹಾ ಮಾಡಿದರು. ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ, ಫೋನಿನ ವಿಷಯವನ್ನೂ. ಹುಡುಗಿ ಬಾಗಿಲಿಗೆ ಒರಗಿ ಕಾಲಿನ ಬೆರಳು ನೋಡುತ್ತಿದ್ದಳು. ಅಪ್ಪ ಚಹಾದ ಲೋಟ ಕೆಳಗಿಟ್ಟು ಹೆಗಲು ತಿಕ್ಕಿಕೊಂಡರು. ಅವರು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

“ಹಂಗಂದ್ರ ಓದ್ಲಕ ಬರಂಗಿಲ್ಲಂದಂಗಾಯ್ತು,” ಎಂದರು. “ನಂಗೂ ಬರಂಗಿಲ್ರೀ. ಅದಕ್ಕ ಈ ಹೆಗಲಿಗಿ ಈ ಗತಿ. ದೀಪಾವಳಿಗಿ ಊರಿಗಿ ಬಿಟ್ಟು ಬರ್ತೀನಿ.”

“ನನ್ ಬಿಟ್ಟು ಒಂದಿನಾ ಇದ್ದಿಲ್ರೀ ಅದು,” ಎಂದರು ಅವ್ವ. ಯಾರಿಗೂ ಹೇಳಿದ ಹಾಗಿರಲಿಲ್ಲ, ಚಹಾದ ಪಾತ್ರೆಗೆ ಹೇಳಿದ ಹಾಗಿತ್ತು.

ನಾನು ಅಲ್ಲಿ ಕೂತು ಚೌಕಾಸಿ ಮಾಡಿದೆ, ಮಾರ್ಕೆಟ್ಟಿನವರೊಡನೆ ಚೌಕಾಸಿ ಮಾಡುವಷ್ಟು ನಾಚಿಕೆಗೆಟ್ಟವನು ನಾನೊಬ್ಬನೇ. ದೀಪಾವಳಿ ರಜೆಯ ಹಿಂದಿನ ಶನಿವಾರದವರೆಗೆ ಬಿಡಿ. ಅಂದು ನೀವೇ ಬಂದು ಕೇಳಿ. ಯಾರೂ ಓದಿ ತೋರಿಸದ ಪುಸ್ತಕವನ್ನು ಅವಳು ಓದಲಿ. ಓದದಿದ್ದರೆ ಕರೆದುಕೊಂಡು ಹೋಗಿ. ಅವರು ಒಪ್ಪಿದರು. “ಟಿಕೆಟ್ ಮಾತ್ರ ತೆಗಸೇ ಇಡ್ತೀನ್ರಿ. ಆಮ್ಯಾಲ ಸಿಗಂಗಿಲ್ಲ,” ಎಂದರು.

ಮನೆಗೆ ಬಂದು ಏನು ಬದಲಿಸಬೇಕೆಂದು ಯೋಚಿಸಿದೆ. ಹೊಸ ದನಿ, ಹೊಸ ಆಟ, ಚಿತ್ರದ ಪಟ, ಎಲ್ಲ ಹೊಳೆಯಿತು. ಆದರೆ ನಮ್ಮ ಕೂಟ ಎಂದರೆ ಒಂದು ಪುಸ್ತಕ, ಒಬ್ಬ ಓದುವವ, ಉಳಿದವರು ಕೇಳುವವರು. ಹಾಗಿದ್ದಾಗ ಕಣ್ಣಿಗೆ ಕೆಲಸವೇ ಇಲ್ಲ, ಎಲ್ಲ ಕಿವಿಗೇ. ಇದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಒಂದು ವಾರ ಹಿಡಿಯಿತು. ನಾನು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಬೇಕಿತ್ತು. ಸ್ವಲ್ಪ ಕಡಿಮೆ ಮಾಡುವುದಲ್ಲ, ಪೂರ್ತಿ ನಿಲ್ಲಿಸುವುದು. ಮೀನಿಗೆ ಈಜಬೇಡ ಎಂದ ಹಾಗೆ ಎಂದುಕೊಳ್ಳಿ, ಮೀನಿಗಾದರೂ ಎದುರು ಪ್ರೇಕ್ಷಕರಿರುವುದಿಲ್ಲ.

ಸಂಸ್ಥೆಯಿಂದ ಹೊಸ ಪುಸ್ತಕದ ಪ್ರತಿಗಳನ್ನು ಹೋರಾಡಿ ತರಿಸಿದೆ, ಪ್ರತಿ ಮಗುವಿನ ಕೈಗೆ ಒಂದೊಂದು. ಒಂದು ಹೌಸಿಂಗ್ ಸೊಸೈಟಿಯ ಕತೆ. ಮಳೆಯ ದಿನ ಒಬ್ಬ ಹುಡುಗಿ ಪಕ್ಕದ ಮನೆಯ ಛತ್ರಿ ಎತ್ತಿಕೊಂಡು ಹೋಗುತ್ತಾಳೆ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದೆ. ಎರಡು ಪುಟ ಇಬ್ಬಿಬ್ಬರಾಗಿ ಪಿಸುಗುಟ್ಟಿ ಓದುವುದು, ಆಮೇಲೆ ಗುಂಪಿನಲ್ಲಿ ಮಾತಾಡುವುದು. ಒಬ್ಬರಿಗೆ ಪ್ರಶ್ನೆ ಕೇಳುವ ಕೆಲಸ, ಒಬ್ಬರಿಗೆ ಕಷ್ಟದ ಪದ ಹೆಕ್ಕುವ ಕೆಲಸ, ಒಬ್ಬರಿಗೆ ಮುಂದೇನಾಗಬಹುದೆಂದು ಊಹಿಸುವ ಕೆಲಸ, ಮತ್ತೊಬ್ಬರಿಗೆ ಯಾವುದಾದರೂ ಒಂದನ್ನು ಒಪ್ಪದಿರುವ ಕೆಲಸ. ಕೆಲಸ ಪ್ರತಿ ಸಲ ಬದಲಾಗುತ್ತದೆ. ಕೊನೆಯದಕ್ಕೆ ಮಕ್ಕಳು ‘ಜಗಳಾ’ ಎಂದು ಹೆಸರಿಟ್ಟು, ಅದು ತನಗೇ ಬೇಕೆಂದು ನಿಜವಾಗಿಯೇ ಜಗಳಾಡಿದರು. ಮಾತು ಯಾವ ಭಾಷೆಯಲ್ಲಾದರೂ ಆಡಬಹುದು. ಆದರೆ ಏನೇ ಹೇಳಿದರೂ ಅದು ಪುಸ್ತಕದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಬೆರಳಿಡಲಾಗದಿದ್ದರೆ ಆ ಮಾತು ರದ್ದು.

ನಾನು ಬಾಯಲ್ಲಿ ಹುಣಸೆ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಗುಂಪಿನಿಂದ ಗುಂಪಿಗೆ ಓಡಾಡುತ್ತಿದ್ದೆ. ಅದು ಕರಗುವವರೆಗೆ ಮಾತಾಡಬಾರದೆಂದು ನನ್ನದೇ ಕಟ್ಟಳೆ. ಆ ತಿಂಗಳು ನನ್ನ ನಾಲಿಗೆ ಸಿಪ್ಪೆ ಸುಲಿಯಿತು.

ಮೊದಲ ಎರಡು ವಾರ ಕೂಟ ಕುಸಿಯಿತು. ಕಿಟಕಿಯವರು ಮೊದಲು ಹೋದರು, ಆಮೇಲೆ ಒಳಗಿನವರು. “ಸರ್, ಟೀಸಿ ಕಾ ಆವಾಜ್ ಏಕ್ ಬಾರ್,” ಎಂದು ಬೇಡುತ್ತಿದ್ದರು. ನಾನು ಕೆನ್ನೆಯಲ್ಲಿದ್ದ ಪೆಪ್ಪರ್‌ಮಿಂಟ್ ತೋರಿಸುತ್ತಿದ್ದೆ. “ಸರ್ ಬೀಮಾರ್ ಹೈ ಕ್ಯಾ?” ಎಂದು ಖಾರಘರದ ಹುಡುಗ ಹೆಡ್ ಟೀಚರನ್ನು ಕೇಳಿದನಂತೆ. “ಇಲ್ಲ, ಈಗ ಗುಣ ಆಗ್ಲಿಕ್ಕೆ ಶುರುವಾಗಿದೆ,” ಎಂದರಂತೆ ಅವರು.

ಆಡಿನ ಹುಡುಗಿ ಮತ್ತು ಖಾರಘರದ ಹುಡುಗ ಜೋಡಿ. ಮೂರನೆಯ ವಾರ ಅವಳು ಚೆನ್ನಾಗಿ ಓದುವುದು ಕೇಳಿಸಿತು. ಹತ್ತಿರ ಹೋಗಿ ನಿಂತೆ. ‘ಬೆಳಗ್ಗೆ’ ಎಂಬಲ್ಲಿ ‘ಬೆಲಗ್ಗೆ’ ಎಂದಳು, ‘ಮಳೆ’ ಎಂಬಲ್ಲಿ ‘ಮಲೆ’. ಅವಳ ಮನೆಯಲ್ಲಿ ಹಾಗೆ ಹೇಳುವವರಿಲ್ಲ. ಅದು ಹಿಂದಿಯಲ್ಲಿ ಬೆಳೆದ ಆ ಹುಡುಗನ ನಾಲಿಗೆ. ಅವನು ಪಿಸುಗುಟ್ಟಿದ್ದನ್ನು ಅರೆಕ್ಷಣದ ಬಳಿಕ ಇವಳು ಹಿಡಿದು ಹೇಳಿಬಿಡುತ್ತಿದ್ದಳು. ಬೇರೆ ಯಾರಿಗೂ ಗೊತ್ತಾಗದಷ್ಟು ಚುರುಕು. ನಾನೂ ಅದೇ ಕಸುಬಿನವನಾದ್ದರಿಂದ ಸಿಕ್ಕಿಬಿದ್ದಳು. ಶಹಬ್ಬಾಸ್ ಎನ್ನಬೇಕೆನಿಸಿತು, ಬಾಯಲ್ಲಿ ಪೆಪ್ಪರ್‌ಮಿಂಟ್ ಅಡ್ಡವಿತ್ತು.

ಅದನ್ನು ಉಗಿದು, ಇನ್ನು ಮೇಲೆ ನೀನೇ ಮೊದಲು ಓದು, ಅವನು ಕೇಳಲಿ, ನೀನು ಕೇಳಿದರೆ ಮಾತ್ರ ಅವನು ಹೇಳಿಕೊಡಲಿ ಎಂದೆ. ಅವಳು ಪುಸ್ತಕ ಮುಚ್ಚಿದಳು.

“ಊರಿಗೇ ಹೋಗ್ತೀನ್ ಬಿಡ್ರಿ ಸರ್.”

ಅವಳ ಪಕ್ಕ ನೆಲದ ಮೇಲೆ ಕೂತೆ. ಶಾಲೆ ನಡೆಸುವ ಕನ್ನಡ ಸಂಘದವರಿಗೆ ಬರುವ ಮದುವೆ ಕಾಗದಗಳಲ್ಲಿ ಒಂದನ್ನು ತೆಗೆದು, ನಡುವೆ ಒಂದು ಸಾಲಿನಷ್ಟು ಅಗಲದ ಕಿಂಡಿ ಕತ್ತರಿಸಿ, ಪುಟದ ಮೇಲಿಟ್ಟೆ. ಚಿತ್ರ ಮುಚ್ಚಿಹೋಯಿತು, ಮೇಲಿನ ಕೆಳಗಿನ ಸಾಲೂ ಮುಚ್ಚಿಹೋದವು. ಕಿಂಡಿಯಲ್ಲಿ ಒಂದೇ ಸಾಲು. “ಇದೊಂದೇ. ಇದರಾಚೆ ಪ್ರಪಂಚವೇ ಇಲ್ಲ ಅಂದುಕೋ,” ಎಂದೆ.

ಅವಳು ಬೆರಳಿಟ್ಟು ಅಕ್ಷರ ಕೂಡಿಸಿದಳು. “ಹೊ… ರ… ಟಿ… ದ್… ದ… ಳು.” ಮತ್ತೆ ಮೊದಲಿನಿಂದ, “ಹೊರಟಿದ್ದಳು.” ತಲೆ ಅಲ್ಲಾಡಿಸಿ, “ತಪ್ಪಾಯ್ತು,” ಎಂದಳು.

“ಸರಿಯಾಗಿಯೇ ಓದಿದೆಯಲ್ಲ.”

“ಇದು ಯಾರ ಮಾತ್ರೀ ಸರ್? ಹಿಂಗ ಯಾರೂ ಅನ್ನಂಗಿಲ್ಲ.”

ಇದು ನನಗೆ ಹೊಳೆದೇ ಇರಲಿಲ್ಲ. ಅವಳು ಎಷ್ಟೋ ಪದಗಳನ್ನು ಸರಿಯಾಗಿಯೇ ಓದಿ, ತನ್ನ ಕಿವಿಗೆ ಪರಿಚಯವಿಲ್ಲವೆಂದು ತಪ್ಪೆಂದು ಬಿಟ್ಟುಕೊಡುತ್ತಿದ್ದಳು. ಖಾರಘರದ ಹುಡುಗ ಬಗ್ಗಿ ನೋಡಿ, “ಅರೇ, ನಿಕಲೀ ಥೀ. ನೀವೆಲ್ಲ ಏನು ಹೇಳ್ತೀರಿ ಅದಕ್ಕೆ?” ಎಂದ.

“ಹೊಂಟಿದ್ಲು,” ಎಂದಳು. ಆಮೇಲೆ ಮುಖ ಎತ್ತಿ, “ಹೊಂಟಿದ್ಲು ಅಂತ ಐತೇನು ಇಲ್ಲಿ? ಮತ್ತ ಸೀದಾ ಹೇಳ್ಬಾರ್ದೇನು ಇವ್ರು?” ಎಂದು ಪುಸ್ತಕ ಬರೆದವರ ಮೇಲೆ ಸಿಟ್ಟಾದಳು. ಓದಿನ ಮೇಲೆ ಅವಳು ಸಿಟ್ಟು ಮಾಡಿದ್ದು ಅದೇ ಮೊದಲು. ಅದು ನನಗೆ ಇಷ್ಟವಾಯಿತು. ಗೊತ್ತಿಲ್ಲದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಅಂದಿನಿಂದ ಇನ್ನೊಂದು ಪದ್ಧತಿ ಸೇರಿತು. ಸಾಲು ಓದಿದ ಮೇಲೆ ಅದನ್ನು ಮನೆಯ ಮಾತಿನಲ್ಲಿ ಹೇಳುವುದು. ಕಲಬುರಗಿಯವಳು ಒಂದು ತರ ಹೇಳಿದರೆ ವಿಜಯಪುರದವನು ‘ಹಂಗಲ್ಲ, ಹಿಂಗ’ ಎನ್ನುತ್ತಿದ್ದ, ಹೊಟೇಲಿನ ಮಕ್ಕಳು ತುಳುವಿನಲ್ಲಿ ಹೇಳಿ ನಗಿಸುತ್ತಿದ್ದರು. ಗದ್ದಲಕ್ಕೆ ಪಕ್ಕದ ಕೋಣೆಯ ಗಣಿತದವರು ಬಾಗಿಲು ಬಡಿದರು. ಆದರೆ ಅಕ್ಷರ ಉಚ್ಚರಿಸಿ ಗೋಡೆ ನೋಡುತ್ತಿದ್ದವರು ಈಗ ಗೋಡೆ ನೋಡುವುದನ್ನು ಬಿಟ್ಟಿದ್ದರು. ಸಾಲಿನಲ್ಲಿ ಏನಿದೆ ಎಂದು ತಿಳಿಯದೆ ಅದನ್ನು ಮನೆಗೆ ಒಯ್ಯಲಾಗುವುದಿಲ್ಲವಲ್ಲ. ಬಿಟ್ಟು ಹೋದವರಲ್ಲಿ ಕೆಲವರು ಗದ್ದಲ ಕೇಳಿ ವಾಪಸು ಬಂದರು.

ಆಡಿನ ಹುಡುಗಿ ಮಾತ್ರ ನಿಧಾನವಾಗಿದ್ದಳು. ಕಿಂಡಿಯೊಳಗಿನ ಒಂದು ಸಾಲಿಗೆ ಬಸ್ಸು ಕಾಯುವಷ್ಟು ಹೊತ್ತು. ದೀಪಾವಳಿಯ ಆಕಾಶಬುಟ್ಟಿಗಳು ಅಂಗಡಿಗಳಲ್ಲಿ ತೂಗಲು ಶುರುವಾದವು. ಪ್ರತಿ ಸಲ ಸ್ಟೇಶನ್ನಿನಿಂದ ನಡೆಯುವಾಗ ಅವು ನನ್ನನ್ನೇ ಕೆಣಕುತ್ತಿದ್ದವು.

ಅದು ಬದಲಾದದ್ದು ಒಂದು ಜಗಳದಿಂದ. ಕತೆಯಲ್ಲಿ ಕಾವಲುಗಾರ ಆ ಹುಡುಗಿಯನ್ನು ‘ಛತ್ರಿ ನಿನ್ನ ಹತ್ತಿರ ಇದೆಯಾ?’ ಎಂದು ಕೇಳುತ್ತಾನೆ. ಅವಳು ‘ನನ್ನ ಹತ್ತಿರ ಇಲ್ಲ’ ಎನ್ನುತ್ತಾಳೆ. ಅಂದು ‘ಜಗಳಾ’ ಕೆಲಸ ಖಾರಘರದ ಹುಡುಗನದು.

“ಉಸ್ನೆ ಝೂಟ್ ಬೋಲಾ. ಛತ್ರಿ ತೆಗೆದುಕೊಂಡವಳು ಅವಳೇ. ಚೋರ್ ಹೈ.”

“ಸುಳ್ಳ ಹೇಳಿಲ್ಲ ಆಕಿ,” ಎಂದಳು ನಮ್ಮ ಹುಡುಗಿ.

“ಹೇಳಿದ್ದಾಳೆ.”

“ಇಲ್ಲ. ಅದಕ್ಕಿಂತ ಮೊದ್ಲ ಯಾರಿಗೋ ಕೊಟ್ಟಾಳ.”

“ಕಹಾಂ ಲಿಖಾ ಹೈ? ಬೆರಳಿಡು.”

ಅವಳು ಪುಸ್ತಕವನ್ನು ಹಿಂದಕ್ಕೆ ತಿರುವಿದಳು. ಕಿಂಡಿಯ ಕಾಗದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಒಂದು ಪುಟದ ಮೇಲಿನಿಂದ ಕೆಳಗೆ ಬೆರಳು ಇಳಿಯಿತು, ತುಟಿ ಅಲ್ಲಾಡುತ್ತಿತ್ತು, ಇಲ್ಲ ಎಂದು ಇನ್ನೊಂದು ಪುಟಕ್ಕೆ ಹೋಯಿತು. ನನಗೆ ಆ ಸಾಲು ಯಾವ ಪುಟದಲ್ಲಿದೆ ಎಂದು ಗೊತ್ತಿತ್ತು. ನನ್ನ ಬೆರಳು ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು, ನನ್ನನ್ನೇ ನಂಬದೆ ಕಾರಿಡಾರಿಗೆ ಹೋಗಿ ನಿಂತೆ. ಬಾಗಿಲ ಸಂದಿಯಿಂದ ನೋಡಿದೆ. ಗುಂಪಿನ ಮೂವರೂ ಅವಳ ಬೆರಳನ್ನೇ ನೋಡುತ್ತಿದ್ದರು. ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ಸೋಲುತ್ತಾರಲ್ಲ.

“ಸಿಕ್ತು,” ಎಂದಳು. ಬೆರಳಿಟ್ಟು, ಒಂದೊಂದೇ ಪದ ಮುರಿದು ಕೂಡಿಸಿ, ಓದಿದಳು: “ಕಾವಲುಗಾರ ಗೇಟಿಗೆ ಬರುವಷ್ಟರಲ್ಲಿ ಛತ್ರಿ ಮೀನು ಮಾರುವ ಅಜ್ಜಿಯ ತಲೆಯ ಮೇಲಿತ್ತು.” ಆಮೇಲೆ ಹುಡುಗನ ಕಡೆ ತಿರುಗಿ, “ಕೇಳ್ದಾಗ ಛತ್ರಿ ಆಕಿ ಹತ್ರ ಎಲ್ಲಿತ್ತು? ಅಜ್ಜಿ ಹತ್ರ ಇತ್ತು. ಹ್ಯಾಂಗ ಸುಳ್ಳಾಗ್ತದ ಹೇಳು,” ಎಂದಳು.

ಹುಡುಗ ಆ ಸಾಲನ್ನು ತಾನೂ ಓದಿದ. “ಲೆಕಿನ್ ಪೂರಾ ಸಚ್ ಭೀ ನಹೀ ಬೋಲಾ, ಪೂರ್ತಿ ನಿಜ ಹೇಳಿಲ್ಲ,” ಎಂದ. ಅದಕ್ಕೂ ಬೆರಳಿಡು ಎಂದಳು ಅವಳು. ಆ ಜಗಳ ಮುಗಿಯಲೇ ಇಲ್ಲ, ಮುಂದಿನ ಬುಧವಾರಕ್ಕೂ ಹರಿದುಬಂತು. ಅವಳು ಆ ಹೊತ್ತಿನಲ್ಲಿ ನಾಲ್ಕೈದು ಪುಟ ಒಬ್ಬಳೇ ಓದಿದ್ದಳು. ಓದಲು ಬರುವುದಿಲ್ಲ ಎಂಬುದನ್ನು ಮರೆತುಬಿಟ್ಟಿದ್ದಳು, ಅಷ್ಟೇ. ಗೆಲ್ಲುವ ಗಡಿಬಿಡಿ. ನಾನು ಒಳಗೆ ಹೋಗಲು ಸ್ವಲ್ಪ ತಡವಾಯಿತು. ಪೆಪ್ಪರ್‌ಮಿಂಟ್ ಗಂಟಲಿಗೆ ಸಿಕ್ಕಿತ್ತು ಎಂದು ಕೇಳಿದವರಿಗೆ ಹೇಳಿದೆ.

ರಜೆಯ ಹಿಂದಿನ ಶನಿವಾರ ಅಪ್ಪ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವ್ವನೂ ಬಂದಿದ್ದರು, ಬಾಗಿಲಿನ ಹೊರಗೇ ನಿಂತರು, ಒಳಗೆ ಕರೆದರೂ ಬರಲಿಲ್ಲ. ಹೆಡ್ ಟೀಚರ್ ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದರು. ಮೊಮ್ಮಗಳದಂತೆ, ಡೊಂಬಿವಲಿಯಿಂದ ತಂದದ್ದು, ನಾನೂ ನೋಡಿರಲಿಲ್ಲ. ಮಕ್ಕಳೆಲ್ಲ ಸುತ್ತ ಕುಳಿತರು. ಹುಡುಗಿ ಎದ್ದು ನಿಂತಳು.

ಒಂದು ಕಟ್ಟಡದ ಮಾಳಿಗೆಯ ಮೇಲೆ ಖಾಲಿ ನೀರಿನ ಟಾಕಿ. ಅದರೊಳಗಿಂದ ಯಾರೋ ತಟ್ಟುವ ಸದ್ದು. ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಒಬ್ಬಳೇ ಮೇಲೆ ಹೋಗುತ್ತಾಳೆ. ಇಷ್ಟನ್ನು ಅವಳು ಓದಿದಳು, ಆದರೆ ಹೇಗೆ ಓದಿದಳೆಂದರೆ ನನಗೇ ಬೆವರಿತು. ಬೆರಳಿಟ್ಟು, ನಿಂತು, ಒಂದು ಒತ್ತಕ್ಷರವನ್ನು ಎರಡು ಸಲ ಹತ್ತಿ ಇಳಿದು. ದನಿಯಿಲ್ಲ, ರಾಗವಿಲ್ಲ, ಗದರುವ ಟೀಸಿ ಇಲ್ಲ. ಸಪ್ಪೆ. ಅಪ್ಪನ ಮುಖ ಇಳಿಯುತ್ತ ಹೋಯಿತು. ಅವರಿಗೆ ಓದು ಎಂದರೆ ಖೋಲಿಯ ಮಂದಿಯನ್ನೆಲ್ಲ ನಗಿಸಿದ ಆ ಆಡು. ಅದನ್ನು ಅವರ ಮನಸ್ಸಿನಲ್ಲಿ ಕೂರಿಸಿದವನು ನಾನು.

ಹುಡುಗಿ ಟಾಕಿಯ ಮುಚ್ಚಳದವರೆಗೆ ಬಂದಿದ್ದಳು. ‘ಅವಳು ಮುಚ್ಚಳದ ಮೇಲೆ ಕೈ’ ಎಂದು ಓದಿ, ಮುಂದಿನ ಪದಕ್ಕೆ ನಿಂತಳು. ಅಪ್ಪ ತಡೆಯಲಾರದೆ ಎದ್ದರು.

“ಮೊದಲ ಎಷ್ಟು ಚಂದ ಓದ್ತಿದ್ದಿ ಯವ್ವಾ. ಈಗ್ಯಾಕ ಹಿಂಗ ತಡವರಸ್ಲತ್ತಿ? ಇದ್ದದ್ದೂ ಹೋಯ್ತಲ್ಲ. ನಡಿ, ಸಾಕು.”

ನನ್ನ ಗಂಟಲಿನಲ್ಲಿ ದನಿಗಳೆಲ್ಲ ಎದ್ದು ನಿಂತವು. ಆ ಸಾಲನ್ನು ನಾನು ಒಮ್ಮೆ ಓದಿಬಿಟ್ಟರೆ ಸಾಕು, ಅವಳು ಹಿಡಿದುಬಿಡುತ್ತಾಳೆ, ಅಪ್ಪನ ಮುಖ ಅರಳುತ್ತದೆ. ಹೆಡ್ ಟೀಚರ್ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ನನ್ನ ಬದುಕಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೊಂದೇ ಎಂದು ಗೆಳೆಯರು ಹೇಳುತ್ತಾರೆ, ಅವರೂ ಬಾಯಿ ಮುಚ್ಚಲಾರದ ನನ್ನ ಜಾತಿಯವರೇ.

ಹುಡುಗಿ ಬೆರಳನ್ನು ಪುಸ್ತಕದಿಂದ ತೆಗೆಯದೆ ಅಪ್ಪನ ಕಡೆ ಮುಖ ಮಾತ್ರ ತಿರುಗಿಸಿದಳು. ಅವಳು ಹೇಳಿದ್ದು ಕೇಳಿ ಅಪ್ಪ ಬೆಂಚಿನ ಮೇಲೆ ಕುಳಿತರು, ಅವ್ವ ಹೊಸ್ತಿಲು ದಾಟಿ ಒಳಗೆ ಬಂದರು, ಊರಿನ ಟಿಕೆಟ್ಟು ಮರುದಿನವೇ ವಾಪಸಾಯಿತು. ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ, ಯಾರ ದನಿಯ ನಕಲೂ ಇರಲಿಲ್ಲ.

“ಅವಾಗ ಸರ್ ಓದ್ತಿದ್ರಪ್ಪ, ನಾ ಬರೇ ಬಾಯಿ ಆಡಸ್ತಿದ್ದೆ. ಈಗ ನಾ ಓದ್ಲತ್ತೀನಿ. ನೀ ಸುಮ್ಮ ಕುಂದುರು, ಟಾಕಿ ಒಳಗ ಯಾರದಾರ ನಾ ನೋಡ್ಬೇಕು.”